ಮೂಟೆ ತಬ್ಬಿ ತೂಕ ಹೇಳುವ ಜಮಾಲುನ್ನೀಸಾ

ಶಿರಾ ಗೇಟಿನಲ್ಲಿ ನಿಂತು ಖುರ್ಷಿದ್ ಪಾಷಾನ ಗುಜರಿ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಮೂಟೆ ತಬ್ಬೋ ಜಮಾಲಮ್ಮನ ಅಂಗಡಿ ಎಂದರೆ ಮಾತ್ರ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಬೇಕಾದರೆ ಅಲ್ಲಿಯವರೆಗೂ ಜೊತೆಗೆ ಬಂದು ತೋರಿಸುತ್ತಿದ್ದರು. ಬಂದವರು ಸುಮ್ಮನೆ ಹಿಂದಿರುಗುತ್ತಲೂ ಇರಲಿಲ್ಲ. ಒಂದು ಮೂಟೆಯನ್ನಾದರೂ ಆಕೆ ತಬ್ಬುವುದನ್ನು ನೋಡಿಯೇ ಹೋಗಬೇಕು. ಬಿಟ್ಟಿ ತಮಾಷೆಯನ್ನು ಬಿಟ್ಟು ಹೋಗುವಷ್ಟು ದೊಡ್ಡ ಮನುಷ್ಯರು ತುಮಕೂರಿನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಕೆ ಮಾಡುತ್ತಿದ್ದುದು ಇಷ್ಟೇ. ರದ್ದಿ ಪೇಪರ್ ತುಂಬಿದ ಗೋಣಿಚೀಲವನ್ನು ಗೋಡೆಗೆ ಒರಗಿಸದೆ ನೆಟ್ಟಗೆ ನಿಲ್ಲಿಸಬೇಕು. ಜಮಾಲುನ್ನೀಸಾ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು ತೊಟ್ಟು, ತಲೆಗೆ ಸೆರಗು ಬಿಗಿದು, ಮೂಟೆಯನ್ನು ಎರಡೂ ತೋಳುಗಳಿಂದ ಬಳಸಿ, ಕೆನ್ನೆಯನ್ನು ಅದಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಮೂಟೆಯ ಆ ಕಡೆ ಅವಳ ಎರಡು ಕೈಗಳ ನಡುಬೆರಳು ಒಂದನ್ನೊಂದು ಮುಟ್ಟಿದರೆ ಅದಕ್ಕೆ ಹೆಸರು 'ಕೂಡ್ತು'. ಮುಟ್ಟದಿದ್ದರೆ ಖುರ್ಷಿದ್ ಪಾಷಾ ಆ ಕಡೆ ನಿಂತು ಅಂತರದೊಳಗೆ ತನ್ನ ಬೆರಳುಗಳನ್ನಿಟ್ಟು, "ಒಂದ್ ಬೆರಳು", "ಎರಡ್ ಬೆರಳು" ಎಂದು ಕೂಗಬೇಕು. ಎತ್ತರವನ್ನು ಆಕೆ ತನ್ನ ಮೈಮೇಲೇ ನೋಡಿಕೊಳ್ಳುತ್ತಿದ್ದಳು. ಹೊಕ್ಕುಳಿಗೆ ಬಂತೋ, ಎದೆಗೆ ಬಂತೋ, ಗಲ್ಲಕ್ಕೆ ಬಂತೋ. ಕೂಡಿದ, ಎದೆಯೆತ್ತರದ ರದ್ದಿ ಮೂಟೆ ನಲವತ್ತು ಕೆಜಿ. ಅದೇ ಮೂಟೆಯಲ್ಲಿ ರಟ್ಟಿದ್ದರೆ ಹದಿನೆಂಟು. ಹಾಲಿನ ಕವರ್ ತುಂಬಿದ್ದರೆ ಹದಿನಾಲ್ಕೂ ದಾಟುವುದಿಲ್ಲ. ಅಂತರ ಬೆರಳು ಬೆರಳು ಹೆಚ್ಚಿದಂತೆ ಕೆಜಿ ಹೆಚ್ಚುತ್ತದೆ. ಇಷ್ಟು ಲೆಕ್ಕ ಯಾರಾದರೂ ಮಾಡಬಹುದು ಎಂದು ಪಕ್ಕದ ಗುಜರಿಯವರು ಮೂಗು ಮುರಿಯುತ್ತಿದ್ದರು. ಮಾಡಿಯೂ ನೋಡಿದರು. ಅವರಿಗೆ ಗೋಣಿಯ ಧೂಳಿನಿಂದ ಸೀನು ಬಂತೇ ಹೊರತು ತೂಕ ಬರಲಿಲ್ಲ.

ಯಾಕೆಂದರೆ ತಬ್ಬುವುದೆಂದರೆ ಬರೀ ಅಳೆಯುವುದಲ್ಲ. ಮೂಗು ಮೂಟೆಗೆ ಹತ್ತಿರ ಇರುವುದರಿಂದ ಒಳಗಿನ ತೇವ ವಾಸನೆಗೆ ಸಿಗುತ್ತಿತ್ತು. ಕೆನ್ನೆ ಒತ್ತಿದಾಗ ನಡುವೆ ಸೇರಿಸಿದ ಕಲ್ಲು ತಾಗುತ್ತಿತ್ತು. "ಅಣ್ಣಾ, ಇದ್ರೊಳಗೆ ಎರಡು ಸೈಜುಗಲ್ಲು ನಿದ್ದೆ ಮಾಡ್ತಾ ಇದಾವೆ, ಎಬ್ಬಿಸಿ ಕರ್ಕೊಂಡು ಹೋಗಿ" ಎಂದು ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದರೆ ತಂದವನಿಗೆ ಕಲ್ಲು ತೆಗೆಯದೆ ವಿಧಿಯಿರಲಿಲ್ಲ. ಅವಳಿಗೆ ತನ್ನ ವಿದ್ಯೆಯ ಬಗ್ಗೆ ಸಂಕೋಚ ಎಂಬುದು ಎಳ್ಳಷ್ಟೂ ಇರಲಿಲ್ಲ. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೆ ಇನ್ನೂ ಜೋರಾಗಿ ಹೇಳುತ್ತಿದ್ದಳು.

ಈ ವಿದ್ಯೆ ಅವಳಿಗೆ ಬಂದದ್ದು ಕುಣಿಗಲ್ಲಿನಲ್ಲಿ. ಅವಳಪ್ಪನ ಗುಜರಿ ಅಂಗಡಿಯಲ್ಲಿ ಇದ್ದದ್ದು ಒಂದೇ ತಕ್ಕಡಿ, ಅದೂ ತರಕಾರಿ ತೂಗುವಷ್ಟೇ ದೊಡ್ಡದು. ಒಂದು ಮೂಟೆ ತೂಗಬೇಕೆಂದರೆ ಅದರ ಬಾಯಿ ಬಿಚ್ಚಿ, ಸುರಿದು, ಕಂತು ಕಂತಾಗಿ ತೂಗಿ, ಮತ್ತೆ ತುಂಬಿ ಹೊಲಿಯಬೇಕಿತ್ತು. ಅಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ, ಅಪ್ಪನ ಸೊಂಟವೂ ಮುಳುಗುತ್ತಿತ್ತು. ಹುಡುಗಿ ಜಮಾಲು ಆಟಕ್ಕೆಂದು ಮೂಟೆಗಳನ್ನು ತಬ್ಬುತ್ತಾ, ತೂಕ ಊಹಿಸುತ್ತಾ, ಅಪ್ಪ ತೂಗಿ ಮುಗಿಸುವ ಮೊದಲೇ ಕೂಗಿ ಹೇಳುತ್ತಾ ಬೆಳೆದಳು. ಮೊದಮೊದಲು ತಪ್ಪುತ್ತಿತ್ತು. ಅವಳ ತೋಳು ಉದ್ದವಾದಂತೆ ತಪ್ಪು ಗಿಡ್ಡವಾಯಿತು. ಕೊನೆಗೆ ಗೋಣಿಚೀಲವನ್ನು ಬಳಸಿದರೆ ಬೆರಳಿಗೆ ಬೆರಳು ಮುಟ್ಟುವಷ್ಟು ಬೆಳೆದು, ಇನ್ನು ಬೆಳೆದು ಮಾಡುವುದೇನಿದೆ ಎಂಬಂತೆ ಅಲ್ಲಿಗೇ ನಿಂತಳು. ಅಪ್ಪ ತಕ್ಕಡಿಯನ್ನು ಮೊಳೆಗೆ ತಗುಲಿಹಾಕಿದ.

ಖುರ್ಷಿದ್ ಪಾಷಾ ಅವಳನ್ನು ಮೊದಲು ನೋಡಿದ್ದೂ ಒಂದು ಮೂಟೆಯ ಜೊತೆಗೆ. ಅವನ ತಾಯಿ ಹೆಣ್ಣು ನೋಡಲು ಒಳಗೆ ಕೂತಿದ್ದಾಗ, ಹುಡುಗಿ ಅದನ್ನು ಮರೆತು ಹಿತ್ತಲಿನಲ್ಲಿ ರಟ್ಟಿನ ಮೂಟೆ ತಬ್ಬಿ ನಿಂತಿದ್ದಳು. ಖುರ್ಷಿದ್ ಬೇಲಿಯ ಸಂದಿಯಿಂದ ನೋಡಿದ. ಒಂದು ರಟ್ಟಿನ ಮೂಟೆಗೇ ಇಷ್ಟು ಪ್ರೀತಿ ತೋರಿಸುವವಳು ತನಗೊಂದಿಷ್ಟು ಉಳಿಸದೆ ಇರುತ್ತಾಳೆಯೇ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟ. ಅವನ ತೀರ್ಮಾನ ತಪ್ಪಾಗಲಿಲ್ಲ. ಮದುವೆಯಾದ ಮೇಲೆ ಅವಳು ಅವನನ್ನು ಮೊದಲ ಸಲ ತಬ್ಬಿಕೊಂಡು, ಕಣ್ಣು ಮುಚ್ಚಿ, "ನಲವತ್ತೊಂಬತ್ತು" ಎಂದಳು. ಪಾಪ, ಅವನು ಬೇರೇನೋ ಮಾತು ನಿರೀಕ್ಷಿಸಿದ್ದ.

ಆದರೂ ಕುತೂಹಲ ತಡೆಯಲಾರದೆ ಮಾರನೆಯ ದಿನ ರೈಲ್ವೆ ಸ್ಟೇಷನ್ನಿಗೆ ಹೋಗಿ, ಬಣ್ಣದ ದೀಪ ತಿರುಗುವ ತೂಕದ ಮಿಷನ್ನಿನ ಮೇಲೆ ನಿಂತು ಕಾಸು ಹಾಕಿದ. ನಲವತ್ತೊಂಬತ್ತೇ ಬಂತು. ಅಂದಿನಿಂದ ಅವನು ಎಷ್ಟು ಬಿರಿಯಾನಿ ತಿಂದರೂ, ಎಷ್ಟು ರಂಜಾನ್ ಉಪವಾಸ ಮಾಡಿದರೂ ಆ ತೂಕ ಅಲುಗಾಡಲಿಲ್ಲ. ಅವನನ್ನು ಬಳಸಿದರೆ ಅವಳ ಕೈಗಳು ಅವನ ಬೆನ್ನ ಹಿಂದೆ ಒಂದನ್ನೊಂದು ದಾಟಿ, ಬಲಗೈ ಬೆರಳು ಎಡ ಮೊಣಕೈಯನ್ನು ಮುಟ್ಟುತ್ತಿತ್ತು. "ನೀವು ನನ್ನ ಪಡಿಗಲ್ಲು ಕಣ್ರೀ" ಎನ್ನುತ್ತಿದ್ದಳು. ತಕ್ಕಡಿಯ ಕಲ್ಲು ಸರಿಯಿದೆಯೇ ಎಂದು ಇನ್ನೊಂದು ಕಲ್ಲಿನಿಂದ ನೋಡುತ್ತಾರಲ್ಲ, ಹಾಗೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಎಂದು ಸಂಸಾರ ನಡೆಯಿತು.

ಒಂದೇ ಕೊರತೆ, ಮಕ್ಕಳಾಗಲಿಲ್ಲ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವಳಿಗೆ ಅದು ದೊಡ್ಡ ಸಂಕಟವಾಗಿತ್ತು. ದರ್ಗಾಗಳಿಗೆ ಹೋದರು, ಡಾಕ್ಟರುಗಳ ಹತ್ತಿರ ಹೋದರು, ಯಾರೋ ಹೇಳಿದ ಕಷಾಯ ಕುಡಿದು ಇಬ್ಬರೂ ವಾಂತಿ ಮಾಡಿಕೊಂಡರು. ಮೂಟೆ ತಬ್ಬುವವಳಿಗೆ ಮಗು ಎಲ್ಲಿಂದ ಎಂದು ಸಂಬಂಧಿಕರಲ್ಲಿ ಒಬ್ಬಳು ಅಂದದ್ದು ಕಿವಿಗೆ ಬಿದ್ದ ದಿನ ಜಮಾಲುನ್ನೀಸಾ ಅಂಗಡಿ ತೆರೆಯಲಿಲ್ಲ. ಆಮೇಲೆ ವರ್ಷಗಳು ಕಳೆದವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಆ ಮಾತನ್ನೇ ಆಡದಂತಾದರು. ಮುಟ್ಟು ಏರುಪೇರಾದಾಗ, ತನ್ನ ಅಮ್ಮನಿಗೂ ನಲವತ್ತರೊಳಗೇ ನಿಂತಿತ್ತಲ್ಲ ಎಂದು ಅವಳು ಆ ಬಾಗಿಲಿಗೆ ಒಳಗಿನಿಂದಲೇ ಚಿಲಕ ಹಾಕಿಕೊಂಡಳು.

ಅವಳ ಖುಷಿಯೆಲ್ಲ ಹಳ್ಳಿ ಸುತ್ತುವುದರಲ್ಲಿತ್ತು. ಖುರ್ಷಿದ್ ಲಗೇಜ್ ಆಟೋ ಓಡಿಸುತ್ತಿದ್ದ, ಇವಳು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ತೂಕ ಹೇಳುತ್ತಿದ್ದಳು. ಗುಬ್ಬಿಯ ಹೋಟೆಲುಗಳ ರಟ್ಟು, ಕುಣಿಗಲ್ಲಿನ ಅಂಗಡಿಗಳ ರದ್ದಿ, ಮಾರ್ಕೋನಹಳ್ಳಿ ಡ್ಯಾಮ್ ನೋಡಲು ಬಂದವರು ಬಿಸಾಡಿ ಹೋದ ಬಾಟಲಿ. ಅಲ್ಲೆಲ್ಲ ತಕ್ಕಡಿ ಹೊತ್ತುಕೊಂಡು ಹೋಗುವಂತಿಲ್ಲ. ತಬ್ಬಿ ತೂಕ ಹೇಳಿದರೆ ಕೊಳ್ಳುವವರಿಗೂ ಕೊಡುವವರಿಗೂ ಒಪ್ಪಿಗೆ. ಜನ ಕಾಯುತ್ತಿದ್ದರು, ಕಾಫಿ ಕೊಡುತ್ತಿದ್ದರು, ನನ್ನ ತೂಕ ಹೇಳು ಎಂದು ಮುದುಕಿಯರು ತೋಳು ಚಾಚಿ ನಿಲ್ಲುತ್ತಿದ್ದರು. ಇವಳು ಒಬ್ಬರಿಗೂ ಇಲ್ಲ ಎನ್ನುತ್ತಿರಲಿಲ್ಲ. ಮುದುಕಿಯರಿಗೆ ಮಾತ್ರ ಎರಡು ಕೆಜಿ ಜಾಸ್ತಿ ಸೇರಿಸಿ ಹೇಳುತ್ತಿದ್ದಳು, ಸೊರಗಿದ್ದೀರಿ ಎಂದರೆ ಅವರು ಮನೆಗೆ ಹೋಗಿ ಸೊಸೆಯ ಮೇಲೆ ಜಗಳ ತೆಗೆಯುತ್ತಾರಲ್ಲ.

ಹೀಗೆ ಸೇರಿಸಿದ ಮಾಲೆಲ್ಲ ಗುಬ್ಬಿಯ ಚನ್ನವೀರಯ್ಯನವರ ಗೋಡೌನಿಗೆ ಹೋಗುತ್ತಿತ್ತು. ಚನ್ನವೀರಯ್ಯ ಹಣೆತುಂಬ ವಿಭೂತಿ ಧರಿಸುವ, ಯಾರನ್ನೂ ಗದರಲಾರದ ಭಾರಿ ಮೈಯ ಮನುಷ್ಯ. ಅವರು ಮೂಟೆಗಳನ್ನು ಮತ್ತೆ ತೂಗುತ್ತಲೇ ಇರಲಿಲ್ಲ. ಜಮಾಲಮ್ಮ ಹೇಳಿದ್ದನ್ನೇ ನಂಬಿ ರದ್ದಿ, ರಟ್ಟನ್ನು ಲಾರಿಗೆ ತುಂಬಿಸಿ ಕಾಗದದ ಮಿಲ್ಲಿಗೆ ಕಳಿಸುತ್ತಿದ್ದರು. ಮಿಲ್ಲಿನ ತೂಕಕ್ಕೂ ಅವಳ ಮಾತಿಗೂ ಇರುತ್ತಿದ್ದ ವ್ಯತ್ಯಾಸ ಲಾರಿ ಡ್ರೈವರಿನ ಊಟದ ಡಬ್ಬಿಯಷ್ಟು.

ಎಡವಟ್ಟು ಶುರುವಾದದ್ದು ಎರಡು ಸಾವಿರದ ಒಂದನೇ ಇಸವಿಯ ಬೇಸಗೆಯಲ್ಲಿ. ಮಿಲ್ಲಿನಲ್ಲಿ ಲಾರಿ ಕೊಂಚ ಕಮ್ಮಿ ತೂಗಿತು. ಒಂದು ಸಲ ಎಂದು ಎಲ್ಲರೂ ಬಿಟ್ಟರು. ಮುಂದಿನ ಲಾರಿ ಇನ್ನೂ ಕಮ್ಮಿ ಬಂತು. ಅದರ ಮುಂದಿನದಂತೂ ಚನ್ನವೀರಯ್ಯನವರ ನಿದ್ದೆ ಕೆಡಿಸುವಷ್ಟು ಕಮ್ಮಿ. ಆಶ್ಚರ್ಯವೆಂದರೆ ತಪ್ಪು ಒಂದೇ ಕಡೆಗೆ ವಾಲುತ್ತಿತ್ತು. ಜಮಾಲುನ್ನೀಸಾ ಹೇಳುವ ತೂಕ ಯಾವಾಗಲೂ ಇರುವುದಕ್ಕಿಂತ ಜಾಸ್ತಿ. ಕಮ್ಮಿ ಹೇಳಿದ್ದು ಒಂದೂ ಇಲ್ಲ.

ಈ ಸುದ್ದಿ ಚಿಂದಿ ಆಯುವವರಿಗೆ ಮಿಲ್ಲಿಗಿಂತ ಮೊದಲೇ ಗೊತ್ತಾಗಿತ್ತು. ತಮ್ಮ ಮೂಟೆ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ತೂಗುತ್ತದೆ ಎಂದು ತಿಳಿದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ? ಶೆಟ್ಟಿಹಳ್ಳಿಯಿಂದ, ಊರಿನ ಆ ಕೊನೆಯಿಂದ, ಹೆಗಲ ಮೇಲೆ, ಸೈಕಲ್ ಮೇಲೆ, ತಳ್ಳುಗಾಡಿಯ ಮೇಲೆ ಮೂಟೆಗಳು ಶಿರಾ ಗೇಟಿಗೆ ಮೆರವಣಿಗೆ ಹೊರಟವು. ಅಂಗಡಿ ತುಂಬಿ ಫುಟ್‌ಪಾತಿಗೆ ಬಂತು. ಮೂಗು ಮುರಿಯುತ್ತಿದ್ದ ಪಕ್ಕದವರು ನೊಣ ಹೊಡೆಯುತ್ತಾ ಕೂತರು. ಬೆಳಗಿನಿಂದ ಸಂಜೆಯವರೆಗೆ ತಬ್ಬಿ ತಬ್ಬಿ ಜಮಾಲುನ್ನೀಸಾಳ ಕೆನ್ನೆಯ ಮೇಲೆ ಗೋಣಿಯ ಅಚ್ಚು ಬಿತ್ತು. ಖುರ್ಷಿದ್ ಪಾಷಾ ಆ ಕಡೆ ನಿಂತು, "ಎರಡ್ ಬೆರಳು, ಮೂರ್ ಬೆರಳು, ಮೂರೂವರೆ" ಎಂದು ಹರಾಜು ಕೂಗುವವನಂತೆ ಕೂಗುತ್ತಿದ್ದ. ಅವನು ಬೆರಳಿಡುವುದರಲ್ಲಿ ಮೋಸವಿರಲಿಲ್ಲ. ಅಂತರ ಇದ್ದದ್ದೇ ಅಷ್ಟು.

ತಪ್ಪು ಎಲ್ಲಿದೆ ಎಂದು ಜಮಾಲುನ್ನೀಸಾ ಹುಡುಕದ ಜಾಗವಿಲ್ಲ. ಮೊದಲು ಗಂಡನನ್ನು ಅನುಮಾನಿಸಿದಳು. "ನೀವು ಸಡಿಲ ತುಂಬ್ತಾ ಇದೀರಾ, ಅದಕ್ಕೇ ಮೂಟೆ ಉಬ್ಬಿದೆ, ತೂಕ ಇಲ್ಲ."

"ಜಮಾಲೂ, ಅವರು ತುಂಬ್ಕೊಂಡು ಬರೋ ಮೂಟೇನ ನಾನ್ಯಾಕೆ ಸಡಿಲ ತುಂಬ್ಲಿ?" ಎಂದ ಅವನು. ಅದೂ ನಿಜವೇ.

ಆಮೇಲೆ ಚೀಲವನ್ನು ಅನುಮಾನಿಸಿದಳು. ಹೊಸ ಗೋಣಿ ದೊಡ್ಡದಿರಬಹುದೆಂದು ಹಳೆಯದರ ಮೇಲಿಟ್ಟು ಅಳೆದಳು, ಒಂದೇ ಸಮ ಇತ್ತು. ಪೇಪರಿನವರು ಕಾಗದ ತೆಳ್ಳಗೆ ಮಾಡಿದ್ದಾರೆ ಎಂದು ಹೇಳಿ ನೋಡಿದಳು, ಆದರೆ ರಟ್ಟು, ಕವರು, ಬಾಟಲಿ ಎಲ್ಲವೂ ಒಟ್ಟಿಗೆ ಹಗುರಾಗಲು ಸಾಧ್ಯವೇ? ಕಣ್ಣು ಬಿದ್ದಿದೆ ಎಂದು ಒಣಮೆಣಸಿನಕಾಯಿ ಇಳಿತೆಗೆದು ಸುಟ್ಟರು. ಘಾಟಿಗೆ ಬೀದಿಯೇ ಕೆಮ್ಮಿತು, ತೂಕ ಮಾತ್ರ ಸರಿಹೋಗಲಿಲ್ಲ. ಕೊನೆಗೆ ತೋಳುಗಳೇ ಗಿಡ್ಡವಾಗಿವೆಯೇನೋ ಎಂದು ದಿಗಿಲಾಗಿ, ಅಂಗಡಿಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದಳು. ಮದುವೆಯಾಗಿ ಬಂದಾಗ ಹೇಗೋ ಹಾಗೆಯೇ ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ ಬೆರಳು ಮುಟ್ಟಿತು. ತೋಳು ಸರಿಯಿದೆ, ಚೀಲ ಸರಿಯಿದೆ, ಗಂಡ ಸರಿಯಿದ್ದಾನೆ. ಹಾಗಾದರೆ ಹೋದದ್ದು ವಿದ್ಯೆಯೇ ಇರಬೇಕು ಎಂದು ಅವಳು ಹೆದರಿದಳು. ಸಂಕಟಕ್ಕೆ ತಟ್ಟೆ ಇಡ್ಲಿಯ ಮೇಲೆ ತಟ್ಟೆ ಇಡ್ಲಿ ತರಿಸಿಕೊಂಡು ತಿಂದಳು. ಹೊಟ್ಟೆಯಲ್ಲಿ ಗುಡುಗುಡು ಎಂದಾಗ ವಾಯು ಎಂದು ಓಮಿನಕಾಳು ಅಗಿದಳು.

ಚನ್ನವೀರಯ್ಯ ಒಂದು ದಿನ ಖುದ್ದಾಗಿ ಬಂದರು. ಬಂದವರು ಬಹಳ ಹೊತ್ತು ಹವಾಮಾನದ ವಿಷಯ ಮಾತಾಡಿದರು.

"ಅದೇನು ಹೇಳ್ಬೇಕು ಅಂತ ಬಂದಿದೀರೋ ಹೇಳ್ಬುಡಿ ಸಾವ್ಕಾರ್ರೇ" ಎಂದಳು ಜಮಾಲುನ್ನೀಸಾ.

"ಏನಿಲ್ಲ ಕಣಮ್ಮಾ. ಒಂದು ಕರೆಂಟಿನ ತೂಕದ ಮಿಷನ್ ತರಿಸಿದೀನಿ. ಮೇಲಿಟ್ರೆ ಅಂಕಿ ಕೆಂಪಗೆ ಬೀಳ್ತದೆ. ಬರೋ ಸೋಮವಾರ ಅದನ್ನ ಇಲ್ಲಿಗೇ ತರ್ತೀನಿ. ನೀನು ತಬ್ಬಿ ಹೇಳು, ಅದೂ ಹೇಳ್ಲಿ. ಎರಡೂ ಕೂಡಿದ್ರೆ ನಾನು ಬಾಯಿ ಮುಚ್ಕೊಂಡು ಹಳೇ ಥರಾನೇ ಇರ್ತೀನಿ."

"ಕೂಡ್ಲಿಲ್ಲ ಅಂದ್ರೆ?"

ಚನ್ನವೀರಯ್ಯ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಇನ್ಮೇಲೆ ಮಾಲು ಗುಬ್ಬಿಗೆ ಬಂದ್ಮೇಲೇ ತೂಕ. ಹಳ್ಳಿ ಮೇಲೆ ತಬ್ಬಿ ಕೊಳ್ಳೋದು ನಿಲ್ಸಬೇಕಾಯ್ತದೆ ತಾಯಿ. ನನ್ನ ಕೈಲಿ ತಡ್ಕೊಳಕ್ಕಾಗ್ತಿಲ್ಲ."

ಹಳ್ಳಿ ಸುತ್ತುವುದು ನಿಂತರೆ ಅವಳಿಗೆ ಉಳಿಯುವುದು ಅಂಗಡಿಯ ತಗಡು ಮತ್ತು ಧೂಳು. ಗುಬ್ಬಿಯ ಕಾಫಿ ಇಲ್ಲ, ಕುಣಿಗಲ್ಲಿನ ಮುದುಕಿಯರಿಲ್ಲ, ಡ್ಯಾಮಿನ ಗಾಳಿಯಿಲ್ಲ. ಮೂಟೆ ತಬ್ಬೋ ಜಮಾಲಮ್ಮ ಎನ್ನುವ ಹೆಸರೂ ಇಲ್ಲ. ಅವಳಿಗೆ ಇದ್ದ ಮಗು ಅದೊಂದೇ ಹೆಸರು.

ಸೋಮವಾರ ಮಧ್ಯಾಹ್ನ ಶಿರಾ ಗೇಟಿನಲ್ಲಿ ಟ್ರಾಫಿಕ್ಕು ನಿಂತಿತು ಎಂದರೆ ತಪ್ಪಲ್ಲ. ಮಿಷನ್ನು ಬಂದಿಳಿದು, ಎದುರಿನ ಟೈಲರ್ ಅಂಗಡಿಯಿಂದ ವೈರು ಎಳೆದು, ಅಂಕಿ ಕೆಂಪಗೆ ಹೊತ್ತಿಕೊಂಡಾಗ ಜನ ಚಪ್ಪಾಳೆ ತಟ್ಟಿದರು. ಟೀ ಅಂಗಡಿಯವನ ಹಾಲು ಮುಗಿಯಿತು. ಅರ್ಧ ಜನ ಜಮಾಲಮ್ಮನ ಕಡೆ, ಅರ್ಧ ಜನ ಮಿಷನ್ ಕಡೆ, ಇನ್ನೊಂದಿಷ್ಟು ಜನ ಏನಾಗುತ್ತಿದೆ ಎಂದು ಗೊತ್ತಿಲ್ಲದೆಯೇ ಬಹಳ ಖುಷಿಯಾಗಿದ್ದರು. ಎಲ್ಲರಿಗಿಂತ ಮುಂದೆ, ಬಾಟಲಿ ಆಯುವ ಮುದುಕಿ ತಿಪ್ಪಮ್ಮ ತನ್ನ ಮೂಟೆಯ ಮೇಲೇ ಕಾಲು ನೀಡಿ ಕೂತಿದ್ದಳು. ಗುಬ್ಬಿಯ ಕಡೆ ಹಳ್ಳಿಯೊಂದರಲ್ಲಿ ಮೊದಲು ಸೂಲಗಿತ್ತಿಯಾಗಿದ್ದವಳು ಆಕೆ. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿದ ಮೇಲೆ ಬಾಟಲಿಗೆ ಇಳಿದಿದ್ದಳು. ಈಚೆಗೆ ಸಿಕ್ಕ ಹೆಚ್ಚಿನ ತೂಕದಲ್ಲಿ ಅವಳಿಗೂ ಒಳ್ಳೆಯ ಪಾಲು ಬಂದಿತ್ತು, ಹಾಗಾಗಿ ಅಷ್ಟು ದಿನ ತುಟಿ ಬಿಚ್ಚಿರಲಿಲ್ಲ.

ಮೊದಲು ರದ್ದಿ ಮೂಟೆ. ಜಮಾಲುನ್ನೀಸಾ ಬಿಸ್ಮಿಲ್ಲಾ ಎಂದು ತಬ್ಬಿದಳು. ಆ ಕಡೆಯಿಂದ ಖುರ್ಷಿದ್, "ನಾಲ್ಕ್ ಬೆರಳು" ಎಂದ. ಅವಳು ನಲವತ್ತೆಂಟು ಎಂದಳು. ಮಿಷನ್ನು ನಲವತ್ತು ಎಂದಿತು.

ಎರಡನೆಯದು ರಟ್ಟು. ಮತ್ತೆ ನಾಲ್ಕು ಬೆರಳು. ಇವಳು ಇಪ್ಪತ್ತೊಂದು, ಅದು ಹದಿನೆಂಟು. ಮೂರನೆಯದು ಹಾಲಿನ ಕವರ್. ಅದೂ ಹಾಗೆಯೇ. ಜನರ ಗದ್ದಲ ಇಳಿಯುತ್ತಾ ಬಂತು. ಮಿಷನ್ ಕಡೆಯವರಿಗೂ ಗೆದ್ದ ಖುಷಿ ಇರಲಿಲ್ಲ. ಜಮಾಲುನ್ನೀಸಾ ಬೋರಲು ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತಳು. ಅಷ್ಟು ಜನರ ಮುಂದೆ ಅಳಬಾರದು ಎಂದುಕೊಂಡಳು, ಆದರೂ ಅಳು ಬಂತು.

"ಇನ್ನೊಂದು ಸಲ ತಬ್ಬಮ್ಮ" ಎಂದರು ಚನ್ನವೀರಯ್ಯ, ತಾವೇ ಸೋತವರಂತೆ. "ಇದು ಲೆಕ್ಕಕ್ಕೆ ಬ್ಯಾಡ."

"ಬ್ಯಾಡಿ ಸಾವ್ಕಾರ್ರೇ. ನನ್ ಕೈಯಿಂದ ಹೋಯ್ತು ಅದು. ಎಷ್ಟ್ ತಬ್ಬಿದ್ರೂ ನಾಲ್ಕ್ ಬೆರಳು ದೂರಾನೇ ನಿಲ್ತದೆ."

ಆಗ ತಿಪ್ಪಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ, "ಮೂಟೆ ಬುಡು. ನಿನ್ನ ಗಂಡನ್ನ ತಬ್ಕೋ" ಎಂದಳು.

ಶಿರಾ ಗೇಟು ಒಂದೇ ಸಲಕ್ಕೆ ನಕ್ಕಿತು. ತಿಪ್ಪಮ್ಮ ನಗಲಿಲ್ಲ. "ನಗೋದೇನೈತೆ? ಆಯಪ್ಪ ನಿನ್ನ ಪಡಿಗಲ್ಲು ಅಂತ ಊರಿಗೆಲ್ಲ ಡಂಗುರ ಹೊಡ್ದಿಲ್ವಾ ನೀನು? ಕಲ್ಲು ಸರಿಗೈತಾ ನೋಡಾನ. ಮೊದ್ಲು ಅವ್ನು ಮಿಷನ್ ಹತ್ಲಿ."

ಖುರ್ಷಿದ್ ಪಾಷಾ ಚಪ್ಪಲಿ ಬಿಟ್ಟು, ಟೋಪಿ ಸರಿಮಾಡಿಕೊಂಡು, ಮದುವೆಮಂಟಪ ಹತ್ತುವಷ್ಟು ಗಂಭೀರವಾಗಿ ಮಿಷನ್ ಹತ್ತಿದ. ನಲವತ್ತೊಂಬತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಹೇಗೋ ಹಾಗೆಯೇ. ಆಮೇಲೆ ಬೀದಿಯಲ್ಲಿ ಗಂಡನನ್ನು ತಬ್ಬುವುದು ಹೇಗೆ ಎಂಬ ಪ್ರಶ್ನೆ ಬಂತು. ರದ್ದಿ ಅಟ್ಟಿಯ ಹಿಂದೆ ಮರೆಗೆ ಹೋಗಿ ಎಂದು ತಿಪ್ಪಮ್ಮ ಇಬ್ಬರನ್ನೂ ತಳ್ಳಿದಳು. ಅಟ್ಟಿ ಆಳೆತ್ತರ ಇತ್ತು, ಏನೂ ಕಾಣುತ್ತಿರಲಿಲ್ಲ. ಆದರೂ ಚನ್ನವೀರಯ್ಯ "ಶಿವ ಶಿವಾ" ಎಂದು ಗೋಡೆಯ ಕಡೆ ತಿರುಗಿ ನಿಂತರು. ಉಳಿದವರು ಕಿವಿ ನಿಮಿರಿಸಿದರು.

ಅಟ್ಟಿಯ ಹಿಂದಿನಿಂದ ಜಮಾಲುನ್ನೀಸಾಳ ದನಿ ಬಂತು. "ಬೆರಳು ಮೊಣಕೈಗೆ ಹೋಗ್ತಿಲ್ಲ. ಬಳೆ ಹತ್ರಾನೇ ನಿಂತೋಯ್ತು."

"ಎಷ್ಟು ಕೆಜಿ ಅನ್ನಿಸ್ತದೆ?" ಎಂದು ಚನ್ನವೀರಯ್ಯ ಗೋಡೆಯನ್ನೇ ಕೇಳಿದರು.

"ಅರವತ್ತು."

"ಅಯ್ಯಯ್ಯೋ, ನಾನು ಅರವತ್ತಾ" ಎಂದು ಖುರ್ಷಿದ್ ಹೆಮ್ಮೆಯಿಂದ ಹೇಳಿದ್ದೂ ಕೇಳಿಸಿತು.

ತಿಪ್ಪಮ್ಮ ಎದ್ದಳು. ಅಟ್ಟಿಯ ಹಿಂದೆ ಹೋಗಿ ಖುರ್ಷಿದ್‌ನನ್ನು ಭುಜ ಹಿಡಿದು ಈಚೆಗೆ ದಬ್ಬಿದಳು. ಅವಳ ಕೈ ಜಮಾಲುನ್ನೀಸಾಳ ಸಡಿಲ ಶರ್ಟಿನೊಳಗೆ ಹೋಗಿ, ಹೊಟ್ಟೆಯ ಮೇಲೆ ಹಳೆಯ ರೂಢಿಯಂತೆ ಹರಡಿ ನಿಂತಿತು.

"ಮುಟ್ಟು ಯಾವಾಗ ನಿಲ್ತವ್ವಾ?"

"ಅದು ಚಳಿಗಾಲದಲ್ಲೇ ನಿಂತೋಯ್ತು. ವಯಸ್ಸಾಯ್ತಲ್ಲ. ನಮ್ಮಮ್ಮನಿಗೂ ಹಿಂಗೇ."

"ಬೆರಳು ಕೂಡೋದು ತಪ್ಪಿದ್ದು?"

"ಉಗಾದಿ ಹೊತ್ಗೆ ಒಂದ್ ಬೆರಳು. ಆಮೇಲೆ ಎರಡು. ಈಗ ನಾಲ್ಕು."

"ಗುಡುಗುಡು ಅಂತದಾ ಒಳಗೆ?"

"ಅದು ವಾಯು ತಿಪ್ಪಮ್ಮ. ತಟ್ಟೆ ಇಡ್ಲಿ ಜಾಸ್ತಿ ತಿಂತಾ ಇದೀನಿ."

ಅಷ್ಟರಲ್ಲಿ ಆ ವಾಯು ತಿಪ್ಪಮ್ಮನ ಅಂಗೈಗೆ ಸರಿಯಾಗಿ ಒಂದು ಒದೆ ಕೊಟ್ಟಿತು. ತಿಪ್ಪಮ್ಮ ನಗತೊಡಗಿದಳು. ಅವಳು ನಕ್ಕು ಎಷ್ಟು ವರ್ಷವಾಗಿತ್ತೋ, ಬಾಯಲ್ಲಿದ್ದ ಅಡಿಕೆ ನೆತ್ತಿಗೇರಿ ಕೆಮ್ಮಿದಳು, ಕೆಮ್ಮುತ್ತಲೇ ಮತ್ತೆ ನಕ್ಕಳು. "ಮೂಟೆ ದಪ್ಪ ಆಗಿಲ್ಲ ಕಣವ್ವ. ಗಂಡನೂ ದಪ್ಪ ಆಗಿಲ್ಲ. ನಡುವೆ ಇನ್ನೊಬ್ರು ಬಂದು ನಿಂತವ್ರೆ. ತೋಳು ಹೆಂಗೆ ಸಾಕಾಯ್ತದೆ?"

ಜಮಾಲುನ್ನೀಸಾ ತನ್ನ ಕೈಯನ್ನು ತಿಪ್ಪಮ್ಮನ ಕೈ ಇದ್ದ ಜಾಗಕ್ಕೆ ಒಯ್ದಳು. ಜೀವಮಾನವೆಲ್ಲ ಕಂಡದ್ದಕ್ಕೆಲ್ಲ ತೂಕ ಹೇಳಿದವಳು ಈ ಒಂದಕ್ಕೆ ತೂಕ ಹೇಳಲು ಹೋಗಲಿಲ್ಲ. ಆಮೇಲೆ ಅವಳು ಅತ್ತದ್ದು ಬೇರೆಯೇ ಅಳು, ನಗುವಿನ ಜೊತೆ ಕಲಸಿಹೋದದ್ದು.

ಈಚೆ ಖುರ್ಷಿದ್ ಪಾಷಾನಿಗೆ ಮಾತು ಅರ್ಥವಾಗಲು ಸ್ವಲ್ಪ ತಡವಾಯಿತು. ಅರ್ಥವಾದದ್ದೇ ತಡ, ಎಲ್ಲಿ ನಿಲ್ಲಬೇಕೆಂದು ತೋಚದೆ ಮತ್ತೆ ಮಿಷನ್ ಹತ್ತಿದ. ಅದರ ಮೇಲೆ ಕುಣಿದ. ಅಂಕಿ ಎಪ್ಪತ್ತಕ್ಕೆ ಹಾರಿತು, ಮೂವತ್ತಕ್ಕೆ ಬಿತ್ತು, ಮತ್ತೆ ತೊಂಬತ್ತಕ್ಕೆ ಹೋಯಿತು. ಎಂದೂ ಅಲುಗಾಡದ ಅವನ ತೂಕ ಅಂದು ಒಂದು ಕಡೆ ನಿಲ್ಲಲೇ ಇಲ್ಲ. ಟೀ ಅಂಗಡಿಯವನು ಹಾಲಿಲ್ಲದಿದ್ದರೂ ಎಲ್ಲರಿಗೂ ಕರಿ ಟೀ ಹಂಚಿದ. ಟೈಲರು ಹೊಲಿಗೆ ಬಿಟ್ಟು ಬಂದು, ತನ್ನ ಕರೆಂಟಿನಿಂದಲೇ ಇದೆಲ್ಲ ಆದದ್ದು ಎಂದು ಸಿಕ್ಕಿದವರಿಗೆಲ್ಲ ಹೇಳಿದ.

ಚನ್ನವೀರಯ್ಯ ಗೋಡೆ ಬಿಟ್ಟು ತಿರುಗಿದಾಗ ಅವರ ವಿಭೂತಿ ಬೆವರಿಗೆ ಕರಗಿತ್ತು. "ತಾಯಿ, ನೀನು ತಪ್ಪು ಹೇಳಿಲ್ಲ. ಮೂಟೇನೂ ಕೂಸನ್ನೂ ಸೇರ್ಸಿ ಹೇಳಿದೀಯ ಅಷ್ಟೇ. ನಾನು ಮೂಟೆ ಮಾತ್ರ ಕೊಳ್ಳೋನು. ಕೂಸಿಂದು ಕಳ್ದು ಹೇಳು."

ನಾಲ್ಕನೆಯ ಮೂಟೆಯನ್ನು ನಿಲ್ಲಿಸಿದರು, ಎದೆಯೆತ್ತರದ ರದ್ದಿ. ಜಮಾಲುನ್ನೀಸಾ ಮುಖ ಒರೆಸಿಕೊಂಡು ಬಂದು ತಬ್ಬಿದಳು, ಆದರೆ ಈ ಸಲ ಬಿಗಿಯಾಗಿ ಒತ್ತದೆ, ನಡುವೆ ನಿಂತವರಿಗೆ ನೋವಾಗದಂತೆ. "ನಾಲ್ಕ್ ಬೆರಳು" ಎಂದ ಖುರ್ಷಿದ್. "ಅಂದ್ರೆ ಕೂಡ್ತು" ಎಂದಳು ಅವಳು. "ನಲವತ್ತು." ಮಿಷನ್ನಿನ ಕೆಂಪು ಅಂಕಿ ನಲವತ್ತರ ಮೇಲೆ ಬಂದು ನಿಂತಿತು. ಆಮೇಲೆ ಆದ ಗಲಾಟೆಯಲ್ಲಿ ವೈರು ಕಾಲಿಗೆ ಸಿಕ್ಕಿ ಕಿತ್ತುಹೋಯಿತು, ಐದನೆಯ ಮೂಟೆಯನ್ನು ಯಾರೂ ತೂಗಲಿಲ್ಲ.

ಡಾಕ್ಟರಮ್ಮ ಎತ್ತಬೇಡ ಎಂದರು. ತಬ್ಬಬೇಡ ಎಂದು ಹೇಳಲಿಲ್ಲವಲ್ಲ ಎಂದು ಜಮಾಲುನ್ನೀಸಾ ವಾದಿಸಿದಳು. ತಿಂಗಳು ತುಂಬುತ್ತಾ ಬಂದಂತೆ ಕಳೆಯುವ ಲೆಕ್ಕ ಬೆಳೆಯಿತು. ಐದು ಬೆರಳು, ಆರು ಬೆರಳು, ಕೊನೆಗೆ ಒಂದು ಗೇಣು. ಹೆಚ್ಚಿನ ತೂಕಕ್ಕೆ ರುಚಿ ಕಂಡಿದ್ದ ಚಿಂದಿಯವರು, "ಇಷ್ಟೆಲ್ಲಾನೂ ಮಗೂನೇನಕ್ಕಾ? ಸ್ವಲ್ಪನಾದ್ರೂ ರದ್ದಿ ಇರ್ಬೋದು ನೋಡು" ಎಂದು ಜಗಳ ಆಡುತ್ತಿದ್ದರು. ತಿಪ್ಪಮ್ಮ ಮೂಟೆಯ ಮೇಲೆ ಕೂತು ತೀರ್ಪು ಹೇಳುತ್ತಿದ್ದಳು. ಹೆರಿಗೆಯಾಯಿತು, ಹೆಣ್ಣು ಮಗು. ಹೆಸರು ಫಿಜಾ. ಮಗು ಎಷ್ಟು ತೂಗುತ್ತದೆ ಎಂದು ಶಿರಾ ಗೇಟಿನ ಪ್ರತಿಯೊಬ್ಬನೂ ಬಾಜಿ ಕಟ್ಟಿದ್ದ. ಹೇಳಬೇಕಾದವಳು ಮಾತ್ರ, "ಅದನ್ನ ನಾನು ಹೇಳಲ್ಲ, ನನ್ ಮಗಳೇನು ರದ್ದೀನಾ" ಎಂದುಬಿಟ್ಟಳು.

ಬಾಣಂತನ ಮುಗಿಸಿ ಅವಳು ಅಂಗಡಿಗೆ ಬಂದ ದಿನ ಮೊದಲ ಮೂಟೆ ತಿಪ್ಪಮ್ಮನದೇ. ಈ ಸಲ ಬಾಟಲಿಯಲ್ಲ, ರದ್ದಿ, ಎದೆಯೆತ್ತರ. ಜಮಾಲುನ್ನೀಸಾ ಸೆರಗು ಬಿಗಿದು ತಬ್ಬಿದಳು. ಖುರ್ಷಿದ್ ಆ ಕಡೆ ಹೋಗಿ ಬೆರಳಿಡಲು ನೋಡಿದರೆ ಜಾಗವೇ ಇರಲಿಲ್ಲ. "ಕೂಡ್ತು ಜಮಾಲೂ" ಎಂದ ಖುಷಿಯಿಂದ. ಅವಳು ತೂಕ ಹೇಳಲಿಲ್ಲ. ಕೆನ್ನೆ ಗೋಣಿಗೆ ಒತ್ತಿಕೊಂಡೇ ಇತ್ತು, ಕಣ್ಣು ಮುಚ್ಚಿಯೇ ಇತ್ತು. ಮೂಟೆ ಅವಳ ಮೈಗೆ ನೇರವಾಗಿ ತಾಗುತ್ತಿತ್ತು. ನಡುವೆ ಯಾರೂ ಇರಲಿಲ್ಲ. ಇಷ್ಟು ವರ್ಷ ಹೀಗೇ ತಬ್ಬಿದ್ದೆನಲ್ಲ ಎಂದು ಅವಳ ಎದೆ ಝಲ್ಲೆಂದಿತು.

"ಎಷ್ಟವ್ವಾ?" ಎಂದಳು ತಿಪ್ಪಮ್ಮ.

"ತಾಳು" ಎಂದು ಜಮಾಲುನ್ನೀಸಾ ಮೂಟೆ ಬಿಟ್ಟು ಒಳಗೆ ಓಡಿದಳು. ಜೋಲಿಯಲ್ಲಿ ಮಲಗಿದ್ದ ಫಿಜಾಳನ್ನು ಎತ್ತಿ, ಒಗೆದ ದುಪಟ್ಟಾದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಬಂದಳು. ಮಗುವನ್ನು ನಡುವೆ ಇಟ್ಟುಕೊಂಡು, ಬಹಳ ಮೆಲ್ಲಗೆ, ಮೂಟೆಯನ್ನು ಮತ್ತೊಮ್ಮೆ ತಬ್ಬಿದಳು. ಗೋಣಿಯ ಧೂಳಿಗೆ ಫಿಜಾ ಒಂದು ಸೀನು ಸೀನಿದಳು.

ಖುರ್ಷಿದ್ ಪಾಷಾ ಆ ಕಡೆ ಅಂತರದಲ್ಲಿ ಬೆರಳಿಟ್ಟು ನೋಡಿ, "ನಾಲ್ಕ್ ಬೆರಳು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಈಗ ಸರಿಯಾ" ಎಂದಳು ಜಮಾಲುನ್ನೀಸಾ. "ನಲವತ್ತು ಕೆಜಿ ತಿಪ್ಪಮ್ಮ. ನನ್ ಮಗಳ್ನ ಕಳೆದು."